ಮಗುವಿನ ಮೊದಲನೆಯ ಔದ್ಯೋಗಿಕ ಚಿಕಿತ್ಸೆ

ಅಕ್ಷರವು ವಕ್ರವಾದುದಕ್ಕಾಗಿ ನಾನು ಹಿಂದೆ ಅನೇಕ ಬಾಲಕರನ್ನು ದಂಡಿಸಿದೆನು. ಈಗ ಆರು ವರ್ಷದ ನನ್ನ ಮೊಮ್ಮಗನು ಸೀಸದಕಡ್ಡಿಯನ್ನು ಹಿಡಿಯಲಾರದೆ ಅಳುವುದನ್ನು ಕಂಡಾಗ, ಅದು ಸೋಮಾರಿತನವಲ್ಲ, ಕೈಯ ಸಂಕಟವೆಂದು ತಿಳಿಯಿತು. ವೈದ್ಯರು ಅವನಿಗೆ ಆಕ್ಯುಪೇಷನಲ್ ಥೆರಪಿಯನ್ನು, ಎಂದರೆ ಔದ್ಯೋಗಿಕ ಚಿಕಿತ್ಸೆಯನ್ನು, ಸೂಚಿಸಿರುವರು.

ವಾಚಕರು ಹೆಸರನ್ನು ಕೇಳಿ ಭ್ರಮಿಸಬಾರದು. ಸಂಸ್ಕೃತದಲ್ಲಿ ಉದ್ಯೋಗವೆಂದರೆ ಪ್ರಯತ್ನ. ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ಆಡುವುದು, ಬರೆಯುವುದು, ಇವೇ ಮಗುವಿನ ಉದ್ಯೋಗಗಳು. ಈ ವಿದ್ಯೆಯು ನಮಗೆ ಹೊಸದೂ ಅಲ್ಲ; 1950ರಲ್ಲಿಯೇ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಿಕ್ಷಣವು ಆರಂಭವಾಯಿತು.

ತಾಯ್ತಂದೆಗಳು ಮುಂಚಿತವಾಗಿ ಒಂದು ವಾರ ಮಗುವನ್ನು ಗಮನಿಸಿ, ಯಾವ ಕೆಲಸದಲ್ಲಿ ತೊಡಕಾಯಿತು, ಯಾವ ಶಬ್ದಸ್ಪರ್ಶಗಳಿಗೆ ಬೆದರಿತು ಎಂಬುದನ್ನು ಬರೆದಿಡಬೇಕು. ಹಳೆಯ ವೈದ್ಯಪತ್ರಗಳನ್ನೂ ಶಾಲೆಯ ಬರಹದ ಪುಸ್ತಕವನ್ನೂ ಒಯ್ಯಬೇಕು. ಉಡುಪು ಸಡಿಲವಾಗಿರಲಿ, ಮಗುವು ಹಸಿದಿರುವ ಹೊತ್ತು ಬೇಡ. “ಅಲ್ಲಿ ಸೂಜಿ ಚುಚ್ಚುವುದಿಲ್ಲ, ಆಡಿಸುವರು, ಬರೆಯಿಸಿ ನೋಡುವರು” ಎಂದು ಅದಕ್ಕೆ ನಿಜವನ್ನೇ ಹೇಳಿರಿ.

ಮುಖ್ಯವಾಗಿ, ಮನೆಯ ಮಾನವನ್ನು ಕಾಯಲೆಂದು ಮಗುವಿಗೆ ಮೊದಲೇ ಅಭ್ಯಾಸ ಮಾಡಿಸಕೂಡದು. ಅಲ್ಲಿ ಗುಂಡಿಯನ್ನು ನಾವೇ ಹಾಕಿಬಿಟ್ಟರೆ ಚಿಕಿತ್ಸಕರಿಗೆ ಕಾಣುವುದು ನಮ್ಮ ಕೈ, ಮಗುವಿನದಲ್ಲ. ಮಗುವು ಇದ್ದಂತೆಯೇ ಕಾಣಲಿ. ಉಪಾಧ್ಯಾಯನಾಗಿ ನಾನು ಅಂದು ಕಾಣದೆ ಹೋದುದು ಅದನ್ನೇ.