ವಿರೋಧವೋ, ವಿರೋಧಾಭಾಸವೋ?



ಶಿಲುಬೆ ರೋಮನರ ಕಾಲದ ಮರಣದಂಡನೆಯ ಸಾಧನ. ಆದರೂ ಪ್ರತಿವರ್ಷ ಸೆಪ್ಟೆಂಬರ್ 14ರಂದು ನಾವು ಅದರ ವಿಜಯದ ಹಬ್ಬವನ್ನು ಆಚರಿಸುತ್ತೇವೆ. ತಮಗಾಗಿ ಪ್ರಾಣ ಕಳೆದುಕೊಳ್ಳುವವರೇ ಅದನ್ನು ಉಳಿಸಿಕೊಳ್ಳುತ್ತಾರೆ ಎಂದು ಯೇಸುಸ್ವಾಮಿ ಬೋಧಿಸಿದರು. ‘ಇವೆಲ್ಲ ಒಂದಕ್ಕೊಂದು ವಿರುದ್ಧವಲ್ಲವೇ?’ ಎಂದು ಮನೆಯಲ್ಲಿ ಮಕ್ಕಳು ಕೇಳಬಹುದು. ಅವರನ್ನು ಗದರಿಸಿ ಸುಮ್ಮನಾಗಿಸುವ ಬದಲು, ಒಂದು ಪದದ ಅರ್ಥವನ್ನು ಅವರೊಡನೆ ಕುಳಿತು ತಿಳಿಯೋಣ.

ಇಂತಹ ಮಾತನ್ನು ಇಂಗ್ಲಿಷಿನಲ್ಲಿ ‘ಪ್ಯಾರಡಾಕ್ಸ್’ ಎನ್ನುತ್ತಾರೆ. ಇದರ ಮೂಲ ಗ್ರೀಕ್ ಭಾಷೆ. ‘ಪರಾ’ ಎಂದರೆ ಆಚೆಗಿನ, ವಿರುದ್ಧವಾದ. ‘ಡಾಕ್ಸಾ’ ಎಂದರೆ ಅಭಿಪ್ರಾಯ. ಜನರ ಸಾಮಾನ್ಯ ಅನಿಸಿಕೆಯನ್ನು ಮೀರಿದ್ದೇ ಪ್ಯಾರಡಾಕ್ಸ್. ಸ್ಟೋಯಿಕ್ ತತ್ವಜ್ಞಾನಿಗಳ ಅಂತಹ ಆರು ಮಾತುಗಳನ್ನು ವಿವರಿಸಿ ರೋಮಿನ ಸಿಸೆರೊ ಕ್ರಿ.ಪೂ. 46ರಲ್ಲಿ ಒಂದು ಪುಸ್ತಕವನ್ನೇ ಬರೆದನು. ಜ್ಞಾನಿಯೊಬ್ಬನೇ ನಿಜವಾದ ಶ್ರೀಮಂತ ಎಂಬುದು ಅವುಗಳಲ್ಲೊಂದು.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಈ ಪದ ಬರುವುದು ಒಂದೇ ಒಂದು ಸಲ; ಸಂತ ಲೂಕರ ಶುಭಸಂದೇಶದ 5ನೇ ಅಧ್ಯಾಯದ 26ನೇ ವಚನದಲ್ಲಿ. ಸ್ನೇಹಿತರು ಮಾಳಿಗೆಯಿಂದ ಕೆಳಗಿಳಿಸಿದ ಪಾರ್ಶ್ವವಾಯು ರೋಗಿ ಪಾಪಕ್ಷಮೆ ಪಡೆದು, ಹಾಸಿಗೆ ಹೊತ್ತು ನಡೆದಾಗ ಜನರು ತಾವು ಕಂಡದ್ದನ್ನು ಬಣ್ಣಿಸಲು ಬಳಸಿದ ಪದವದು.

ಕನ್ನಡದಲ್ಲಿ ಇದಕ್ಕೆ ‘ವಿರೋಧಾಭಾಸ’ ಎನ್ನುತ್ತೇವೆ. ಅಲಂಕಾರಶಾಸ್ತ್ರದಿಂದ ಬಂದ ಈ ಪದ ತನ್ನೊಳಗೇ ಉತ್ತರವನ್ನು ಇಟ್ಟುಕೊಂಡಿದೆ. ‘ಆಭಾಸ’ ಎಂದರೆ ತೋರಿಕೆ. ಅಲ್ಲಿರುವುದು ವಿರೋಧದ ತೋರಿಕೆ ಮಾತ್ರ, ವಿರೋಧವಲ್ಲ.

ಹಾಗಾದರೆ ನಿಜವಾದ ವಿರೋಧ ಯಾವುದು? ಒಂದೇ ಗುಣವು ಒಂದೇ ವಸ್ತುವಿನಲ್ಲಿ, ಒಂದೇ ಸಮಯದಲ್ಲಿ, ಒಂದೇ ಅರ್ಥದಲ್ಲಿ ಇರಲೂ ಇಲ್ಲದಿರಲೂ ಸಾಧ್ಯವಿಲ್ಲ ಎಂದು ಕ್ರಿ.ಪೂ. 4ನೇ ಶತಮಾನದಲ್ಲಿ ಅರಿಸ್ಟಾಟಲ್ ತಿಳಿಸಿದನು. ದೇವರ ಸರ್ವಶಕ್ತಿಯನ್ನು ಕುರಿತು ಬರೆಯುವಾಗ 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಇದನ್ನೇ ಒಪ್ಪಿದರು. ತನ್ನನ್ನು ತಾನೇ ಅಲ್ಲಗಳೆಯುವ ಮಾತು ‘ಸಾಧ್ಯ’ವಾದವುಗಳ ಸಾಲಿಗೇ ಸೇರದು ಎಂಬುದು ಅವರ ವಿವರಣೆ.

ಆದ್ದರಿಂದ ‘ಒಂದೇ ಅರ್ಥದಲ್ಲಿಯೇ?’ ಎಂಬ ಪ್ರಶ್ನೆ ಮುಖ್ಯವಾದುದು. ದೇವರು ಸ್ವಭಾವದಲ್ಲಿ ಒಬ್ಬರು, ವ್ಯಕ್ತಿಗಳಲ್ಲಿ ಮೂವರು. ಒಂದೇ ಅರ್ಥದಲ್ಲಿ ಒಂದೂ ಮೂರೂ ಅಲ್ಲ. ಕ್ರಿಸ್ತರು ಒಬ್ಬರೇ ವ್ಯಕ್ತಿ, ಅವರಲ್ಲಿ ದೈವಸ್ವಭಾವ ಮತ್ತು ಮಾನವಸ್ವಭಾವ ಎರಡೂ ಇವೆ ಎಂದು 451ರ ಕಾಲ್ಸೆಡನ್ ಮಹಾಸಭೆ ಸಾರಿತು. ಇವು ನಮ್ಮ ಬುದ್ಧಿಯನ್ನು ಮೀರಿದ ರಹಸ್ಯಗಳು, ಬುದ್ಧಿಗೆ ವಿರುದ್ಧವಾದವುಗಳಲ್ಲ. ವಿಶ್ವಾಸಿಸಲು ನಾವು ಬುದ್ಧಿಯನ್ನು ದೇವಾಲಯದ ಹೊರಗೆ ಬಿಟ್ಟುಬರಬೇಕಾಗಿಲ್ಲ.

ಆದರೆ ಎಚ್ಚರವಿರಲಿ. ಭಾನುವಾರದ ಬಲಿಪೂಜೆಯಲ್ಲಿ ಶಾಂತಿ ಕೋರಿ ಕೈಮುಗಿದು, ಸೋಮವಾರ ಒಡಹುಟ್ಟಿದವರೊಡನೆ ಮಾತುಬಿಟ್ಟರೆ ಅದು ವಿರೋಧಾಭಾಸವಲ್ಲ, ನಿಜವಾದ ವಿರೋಧ. ಅದನ್ನು ರಹಸ್ಯವೆಂದು ವಿವರಿಸಲಾಗದು, ರಾಜಿಯಾಗಿಯೇ ತೀರಿಸಬೇಕು. ಮಕ್ಕಳು ನಮ್ಮನ್ನು ಕೇಳುವ ಅತ್ಯಂತ ಕಠಿಣ ಪ್ರಶ್ನೆ ಬಹುಶಃ ತ್ರಿತ್ವವನ್ನು ಕುರಿತದ್ದಲ್ಲ, ಇದನ್ನು ಕುರಿತದ್ದು. ಅದಕ್ಕೆ ನಮ್ಮ ನಡೆಯಿಂದಲೇ ಉತ್ತರ ನೀಡುವ ಕೃಪೆಯನ್ನು ಪ್ರಭು ನಮಗೆ ಅನುಗ್ರಹಿಸಲಿ.