ಹೂವಲ್ಲದ ಹೂವು

ಉತ್ತರ ಅಮೆರಿಕದ ಪಾಳುಹೊಲಗಳಲ್ಲಿ ಆಳೆತ್ತರ ಬೆಳೆಯುವ ‘ಗೋಲ್ಡನ್‌ರಾಡ್’ ಗಿಡಗಳು ಹಳದಿ ಹೂಗೊಂಚಲುಗಳಿಂದ ಶೋಭಿಸುತ್ತವೆ. ಅವುಗಳ ನಡುವೆ ಅಲ್ಲಲ್ಲಿ, ಗಿಡ್ಡಾಗಿ ನಿಂತ ಕಾಂಡದ ತುದಿಯಲ್ಲಿ ಹಸಿರು ಗುಲಾಬಿ ಅರಳಿದಂತೆ ಕಾಣುವುದುಂಟು. ಅದು ಹೂವಲ್ಲ, ತೊಟ್ಟಿಲು!

ಸೊಳ್ಳೆಯನ್ನು ಹೋಲುವ ಅತಿ ಸಣ್ಣ ನೊಣವೊಂದು ಚಿಗುರಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಒಳಸೇರಿದ ಮೇಲೆ ಕಾಂಡವು ಉದ್ದವಾಗುವುದು ನಿಲ್ಲುತ್ತದೆ. ಎಲೆಗಳು ಮಾತ್ರ ಹುಟ್ಟುತ್ತಲೇ ಹೋಗಿ ಒತ್ತೊತ್ತಾಗಿ ಕೂಡಿಕೊಳ್ಳುತ್ತವೆ. ನಡುವಣ ಪುಟ್ಟ ಕೋಣೆಯಲ್ಲಿ ಹುಳುವಿಗೆ ಅನ್ನವೂ ಉಂಟು, ಆಶ್ರಯವೂ ಉಂಟು. ಅಭಯ ಮಾತ್ರ ಇಲ್ಲ: ಅಲ್ಲಿಗೂ ಅರಸಿ ಬರುವ ಕಿರುಕಣಜಗಳ ಮರಿಗಳು ಅದನ್ನೇ ತಿಂದು ಬೆಳೆಯುತ್ತವೆ.

ಗಿಡಕ್ಕೆ ಎತ್ತರದ ನಷ್ಟ ನಿಜ. ಆದರೆ ಆ ಎಲೆಗಳ ಸಂದಿನಲ್ಲಿ ಜೇಡಗಳೂ ಇತರ ಕೀಟಗಳೂ ನೆಲೆ ಕಾಣುತ್ತವೆ. ಒಂದು ಹುಳುವಿನ ಸ್ವಾರ್ಥ ಹಲವು ಜೀವಗಳಿಗೆ ಧರ್ಮಛತ್ರವಾಗುತ್ತದೆ.