ಪಾತಾಳಕ್ಕಿಳಿಯುವ ಸಿಮೆಂಟು

ಮನೆ ಕಟ್ಟುವ ಕಡೆ ಗಾರೆ ಕೆಲಸದವನನ್ನು ಒಂದಿಷ್ಟು ಹೊತ್ತು ನಿಂತು ನೋಡಿ. ಕರಣೆಯ ತುಂಬ ಗಾರೆ ತೆಗೆದು ರಪ್ಪೆಂದು ಗೋಡೆಗೆ ಎರಚುತ್ತಾನೆ. ಅದು ಅಲ್ಲೇ ಅಂಟಿ ನಿಲ್ಲುತ್ತದೆ. ಅದೇ ಗಾರೆಯನ್ನು ಕರಣೆಯಿಂದ ಒತ್ತಿ ಎಳೆದಾಗ ಮಾತ್ರ ಬೆಣ್ಣೆಯಂತೆ ಹರಡಿಕೊಳ್ಳುತ್ತದೆ. ಬೇಕಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಸ್ಟೀಲ್ ತಟ್ಟೆಯ ಒಂದು ಬದಿಗೆ ಜೇನುತುಪ್ಪವನ್ನೂ ಇನ್ನೊಂದು ಬದಿಗೆ ಹಲ್ಲುಜ್ಜುವ ಪೇಸ್ಟನ್ನೂ ಇಟ್ಟು ತಟ್ಟೆಯನ್ನು ಓರೆ ಮಾಡಿ. ಜೇನು ನಿಧಾನವಾಗಿಯಾದರೂ ಇಳಿದೇ ಇಳಿಯುತ್ತದೆ. ಪೇಸ್ಟು ಮಾತ್ರ ಕದಲುವುದಿಲ್ಲ. ಹಾಗೆಂದು ಪೇಸ್ಟು ಘನವಸ್ತುವೇ? ಟ್ಯೂಬನ್ನು ಹಿಚುಕಿದರೆ ಹರಿದು ಬರುವುದಲ್ಲ!

ಪಿಯುಸಿ ಭೌತಶಾಸ್ತ್ರದಲ್ಲಿ ಓದುವ ನ್ಯೂಟನ್ನನ ಸ್ನಿಗ್ಧತೆಯ ನಿಯಮ ನೀರು, ಜೇನುಗಳಿಗೆ ಸಾಕು. ಪೇಸ್ಟು, ಗಾರೆ, ಬಣ್ಣಗಳಿಗೆ ಸಾಲದು. ಇವುಗಳ ಮೇಲೆ ಬೀಳುವ ಒತ್ತಡ ಒಂದು ಮಿತಿಯನ್ನು ದಾಟುವವರೆಗೆ ಇವು ಘನವಸ್ತುವಿನಂತೆ ಕುಳಿತಿರುತ್ತವೆ; ದಾಟಿದ ಮೇಲೆ ದ್ರವದಂತೆ ಹರಿಯುತ್ತವೆ. ಅಮೆರಿಕದ ರಸಾಯನ ವಿಜ್ಞಾನಿ ಯೂಜೀನ್ ಬಿಂಗ್‌ಹ್ಯಾಮ್ ಇಂಥ ವಸ್ತುಗಳನ್ನು ಅಭ್ಯಾಸ ಮಾಡಿ 1922ರಲ್ಲಿ ಒಂದು ಗ್ರಂಥವನ್ನೇ ಬರೆದ. ಹರಿಯುವಿಕೆಯ ಈ ಶಾಸ್ತ್ರಕ್ಕೆ 'ರಿಯಾಲಜಿ' ಎಂಬ ಹೆಸರನ್ನು ರೂಢಿಗೆ ತಂದವನೂ ಅವನೇ. ಇದು ಬರಿಯ ಪಾಠದ ವಿಷಯವಲ್ಲ. ಸಾವಿರಾರು ಅಡಿ ಆಳದ ತೈಲಬಾವಿಗಳಲ್ಲಿ ಇದು ಜೀವನ್ಮರಣದ ಪ್ರಶ್ನೆ.

ತೈಲಬಾವಿಯನ್ನು ಕೊರೆದ ಮೇಲೆ ಅದರೊಳಗೆ ಉಕ್ಕಿನ ಕೊಳವೆಯನ್ನು ಇಳಿಸುತ್ತಾರೆ. ಕೊಳವೆಗೂ ಸುತ್ತಲಿನ ಬಂಡೆಗೂ ನಡುವೆ ಉಳಿಯುವ ಸಂದು ಕೆಲವೇ ಸೆಂಟಿಮೀಟರು. ಅದನ್ನು ಹಾಗೇ ಬಿಟ್ಟರೆ ಆಳದ ಪದರಗಳ ಅನಿಲ, ಎಣ್ಣೆ, ಉಪ್ಪುನೀರು ಎಲ್ಲವೂ ಆ ದಾರಿಯಲ್ಲೇ ಮೇಲಕ್ಕೆ ನುಗ್ಗುತ್ತವೆ. ಆದ್ದರಿಂದ ಸಿಮೆಂಟು ತುಂಬಬೇಕು. ಮೇಲಿಂದ ಸುರಿದರೆ ಆಗದು. ಬಾವಿಯಲ್ಲಿ ಆಗಲೇ ಕೊರೆಯುವಾಗ ಬಳಸಿದ ಕೆಸರು ತುಂಬಿರುತ್ತದೆ. ಹಾಗಾಗಿ ಸಿಮೆಂಟನ್ನು ನೀರಿನಲ್ಲಿ ಕಲಸಿ ಕೊಳವೆಯೊಳಗೆ ಪಂಪ್ ಮಾಡುತ್ತಾರೆ. ಅದು ತಳ ಮುಟ್ಟಿ, ಹೊರಬಂದು, ಕೆಸರನ್ನು ತಳ್ಳುತ್ತಾ ಸಂದಿನಲ್ಲಿ ಮೇಲೇರುತ್ತದೆ. ಗೋಬರ್ ಗ್ಯಾಸ್ ಘಟಕದಿಂದ ಹೊರಬರುವ ಬಗ್ಗಡವನ್ನು ನಮ್ಮ ರೈತರು ಸ್ಲರಿ ಎನ್ನುತ್ತಾರಲ್ಲ, ಈ ಸಿಮೆಂಟು ಕಲಕಕ್ಕೂ ಅದೇ ಹೆಸರು. ಸಾಮಾನ್ಯವಾಗಿ ನೂರು ಕಿಲೋ ಸಿಮೆಂಟಿಗೆ 44 ಕಿಲೋ ನೀರು. ತೂಕ ನೀರಿನ ಸುಮಾರು 1.9 ಪಟ್ಟು.

ಈ ಸ್ಲರಿ ತೆಳುವಾದರೆ ಸಿಮೆಂಟಿನ ಕಣಗಳು ಕೆಳಗೆ ಕುಳಿತು ನೀರು ಮೇಲೆ ತೇಲಿ, ಅನಿಲಕ್ಕೆ ದಾರಿಯಾಗುತ್ತದೆ. ಗಟ್ಟಿಯಾದರೆ ತಳ್ಳಲು ಹೆಚ್ಚು ಒತ್ತಡ ಬೇಕು. ಒತ್ತಡ ಮಿತಿಮೀರಿದರೆ ಬಂಡೆಯೇ ಬಿರುಕುಬಿಟ್ಟು ಸ್ಲರಿಯನ್ನು ನುಂಗಿಬಿಡುತ್ತದೆ. ಕೊಳವೆ ಬಾವಿಯ ನಟ್ಟನಡುವೆ ನಿಲ್ಲದೆ ಒಂದು ಪಕ್ಕಕ್ಕೆ ವಾಲಿದ್ದರಂತೂ ಮುಗಿಯಿತು. ಅಗಲವಾದ ಕಡೆ ಸ್ಲರಿ ಸಲೀಸಾಗಿ ಏರುತ್ತದೆ, ಇಕ್ಕಟ್ಟಾದ ಕಡೆ ಹಳೆಯ ಕೆಸರು ತಟ್ಟೆಯ ಮೇಲಿನ ಪೇಸ್ಟಿನಂತೆ ಕದಲದೆ ಉಳಿಯುತ್ತದೆ.

ಇನ್ನು ಶಾಖದ ಮಾತು. ಆಳದ ಬಾವಿಗಳಲ್ಲಿ ಉಷ್ಣತೆ ನೂರು ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಪಂಪ್ ಮಾಡುವ ಕೆಲಸವೋ ಗಂಟೆಗಟ್ಟಲೆ. ದಾರಿಯಲ್ಲೇ ಕಲ್ಲಾಗದಿರಲೆಂದು ಕಾಗದ ತಯಾರಿಕೆಯ ಉಪವಸ್ತುವಾದ ಲಿಗ್ನೋಸಲ್ಫೊನೇಟನ್ನು ಬೆರೆಸುತ್ತಾರೆ. ನಮ್ಮ ಅಡುಗೆಮನೆಯ ಸಕ್ಕರೆಯೂ ಸಿಮೆಂಟು ಗಟ್ಟಿಯಾಗುವುದನ್ನು ತಡೆಹಿಡಿಯುತ್ತದೆಂದರೆ ನಂಬುವಿರಾ? ನಿಜವಾಗಿಯೂ ಹೌದು. ಪ್ರತಿ ಬಾವಿಗೂ ಮುನ್ನ ಪ್ರಯೋಗಾಲಯದಲ್ಲಿ ಸ್ಲರಿಯನ್ನು ಆ ಆಳದ ಶಾಖ ಮತ್ತು ಒತ್ತಡದಲ್ಲಿ ಕಲಕುತ್ತಾ, ಎಷ್ಟು ಹೊತ್ತಿನವರೆಗೆ ಪಂಪ್ ಮಾಡಬಹುದೆಂದು ಅಳೆಯುತ್ತಾರೆ.

ಆದರೆ ನಿಜವಾದ ಗಂಡಾಂತರವಿರುವುದು ಪಂಪು ನಿಂತ ಮೇಲೆ. ದ್ರವವಾಗಿರುವಷ್ಟು ಹೊತ್ತು ಸ್ಲರಿಯ ಕಂಬ ತನ್ನ ಭಾರದಿಂದಲೇ ಕೆಳಗಿನ ಅನಿಲವನ್ನು ಅದುಮಿ ಹಿಡಿದಿರುತ್ತದೆ. ಅಲುಗದೆ ನಿಂತಾಗ ಅದು ಹಾಲು ಹೆಪ್ಪುಗಟ್ಟಿದಂತೆ ಬಿಗಿಯತೊಡಗುತ್ತದೆ. ಗಟ್ಟಿ ಮೊಸರಿನ ಬಟ್ಟಲನ್ನು ಓರೆ ಮಾಡಿದರೂ ಮೊಸರು ಬಟ್ಟಲಿಗೆ ಅಂಟಿಕೊಂಡೇ ಇರುತ್ತದೆ. ಸ್ಲರಿಯೂ ಹಾಗೆಯೇ ಕೊಳವೆಗೂ ಬಂಡೆಗೂ ಅಂಟಿಕೊಳ್ಳುತ್ತದೆ. ಆಗ ಅದರ ಭಾರವನ್ನು ಗೋಡೆಗಳೇ ಹೊರುತ್ತವೆ. ತಳದ ಮೇಲಿನ ಒತ್ತಡ ಇಳಿಯುತ್ತದೆ. ದ್ರವದ ಭಾರವೂ ಇಲ್ಲ, ಕಲ್ಲಿನ ಬಲವೂ ಬಂದಿಲ್ಲ. ಅನಿಲ ಕಾಯುವುದು ಈ ಘಳಿಗೆಗೇ. ಈ ಅರೆಬರೆ ಸ್ಥಿತಿ ಆದಷ್ಟು ಬೇಗ ಕಳೆಯಬೇಕು: ಹೆಚ್ಚು ಹೊತ್ತು ತೆಳುವಾಗಿದ್ದು, ಆಮೇಲೆ ಥಟ್ಟನೆ ಗಟ್ಟಿಯಾಗುವ ಸ್ಲರಿ ತಜ್ಞರಿಗೆ ಅಚ್ಚುಮೆಚ್ಚು.

2010ರ ಏಪ್ರಿಲ್ 20. ಮೆಕ್ಸಿಕೊ ಕೊಲ್ಲಿಯಲ್ಲಿ ಬಿಪಿ ಕಂಪನಿಯ ಮಕೊಂಡೊ ಬಾವಿಗೆ ಸಿಮೆಂಟು ಇಳಿಸಿ ಒಂದು ದಿನವೂ ಕಳೆದಿರಲಿಲ್ಲ. ಅಲ್ಲಿನ ಬಂಡೆ ದುರ್ಬಲವಾದ್ದರಿಂದ ಹ್ಯಾಲಿಬರ್ಟನ್ ಕಂಪನಿ ಸಿಮೆಂಟಿನಲ್ಲಿ ನೈಟ್ರೊಜನ್ ಗುಳ್ಳೆಗಳನ್ನು ಬೆರೆಸಿ ಹಗುರಗೊಳಿಸಿತ್ತು. ಬಂಡೆ ಬಿರಿಯದಿರಲೆಂದು ಪಂಪಿನ ವೇಗವನ್ನೂ ತಗ್ಗಿಸಿದ್ದರು. ಕೊಳವೆಯನ್ನು ನಡುವೆ ನಿಲ್ಲಿಸಲು 21 ಸಾಧನಗಳು ಬೇಕೆಂಬ ಸಲಹೆಯಿತ್ತು, ಹಾಕಿದ್ದು ಆರು. ಸಿಮೆಂಟಿನ ಹಿಡಿತವನ್ನು ಪರೀಕ್ಷಿಸಲು ಬಂದಿದ್ದ ತಂಡವನ್ನು ಪರೀಕ್ಷೆಯಿಲ್ಲದೆಯೇ ಹಿಂದಕ್ಕೆ ಕಳುಹಿಸಿದರು. ಆ ರಾತ್ರಿ ಅನಿಲ ನುಗ್ಗಿ ಬಂದು ಡೀಪ್‌ವಾಟರ್ ಹೊರೈಜನ್ ಎಂಬ ತೇಲುವ ಕೊರೆಯಂತ್ರ ಸ್ಫೋಟಿಸಿತು. ಅದರಲ್ಲಿದ್ದ 126 ಜನರಲ್ಲಿ 11 ಮಂದಿ ಸತ್ತರು.

ತನಿಖೆಗೆ ನೇಮಕವಾದ ರಾಷ್ಟ್ರೀಯ ಆಯೋಗ, ಅದೇ ಬಗೆಯ ಸಾಮಗ್ರಿಯನ್ನು ಇನ್ನೊಂದು ತೈಲ ಕಂಪನಿಯ ಪ್ರಯೋಗಾಲಯದಲ್ಲಿ ಕಲಸಿ ನೋಡಿಸಿತು. ಸ್ಥಿರವಾಗಿ ನಿಲ್ಲುವ ನೊರೆ ಅವರಿಗೆ ದಕ್ಕಲೇ ಇಲ್ಲ! ಕೊಳವೆಯ ಸಾಧನಗಳೇ ಕಾರಣವೆಂದು ಆಯೋಗ ಬೆರಳುಮಾಡಿ ತೋರಿಸಲಿಲ್ಲ. ಸಿಮೆಂಟು ಬಾವಿಯ ತಳವನ್ನು ಮುಚ್ಚಲು ಸೋತಿತೆಂಬುದನ್ನು ಮಾತ್ರ 2011ರ ಜನವರಿಯ ವರದಿಯಲ್ಲಿ ಸ್ಪಷ್ಟವಾಗಿ ಹೇಳಿತು. ಸೋಲಿನ ಸುಳಿವು ಕೊಟ್ಟಿದ್ದ ಒತ್ತಡ ಪರೀಕ್ಷೆಯನ್ನು ಸಿಬ್ಬಂದಿ ತಪ್ಪಾಗಿ ಅರ್ಥೈಸಿದ್ದರು. ಅಷ್ಟು ಅವಸರ ಏತಕ್ಕಿತ್ತೋ!

87 ದಿನ ಸಮುದ್ರಕ್ಕೆ ಎಣ್ಣೆ ಸುರಿಯಿತು. ಜುಲೈ 15ರಂದು ಬಾವಿಯ ಬಾಯಿಗೆ ಮುಚ್ಚಳ ಬಿತ್ತು. ಪಕ್ಕದಿಂದ ಇನ್ನೊಂದು ಬಾವಿ ಕೊರೆದು, ಮಕೊಂಡೊದ ತಳವನ್ನು ಹುಡುಕಿ, ಮತ್ತೆ ಸಿಮೆಂಟನ್ನೇ ತುಂಬಿದರು. ಈ ಸಲ ಅದು ನಿಂತಿತು. ಸೆಪ್ಟೆಂಬರ್ 19ರಂದು ಬಾವಿ ಸತ್ತಿತೆಂದು ಘೋಷಿಸಲಾಯಿತು.